ಸುಮ್ಮನಿರಬೇಕಾದ ದುಡ್ಡು

ನಾನು ಮಾತು ಕಡಿಮೆಯವನು. ಲಂಡನ್ನಿನಲ್ಲಿ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದೆ. ಲಿಫ್ಟ್ ಓಡಾಡುವ ಗುಂಡಿಯೊಳಗೆ ಮಾತಾಡಲು ಯಾರೂ ಇರುವುದಿಲ್ಲ. ಆದರೂ ತಮಾಷೆಯ ಪ್ರಸಂಗಗಳು ಹೇಗೋ ವಿಳಾಸ ಹುಡುಕಿಕೊಂಡು ನನ್ನ ಮನೆಗೇ ಬರುತ್ತವೆ. ನಡೆಯುವಾಗ ಒಂದೂ ತಮಾಷೆಯಾಗಿರುವುದಿಲ್ಲ. ಆಮೇಲೆ ಹೆಂಡತಿ ನಾಲ್ಕು ಜನರ ಮುಂದೆ ಹೇಳುತ್ತಾಳೆ, ಅವರು ನಗುತ್ತಾರೆ. ತಮಾಷೆ ಅಂತ ನನಗೆ ಗೊತ್ತಾಗುವುದು ಆಗ.

ಈಚಿನವೆಲ್ಲ ಒಂದೇ ವಿಷಯದವು. ನಮ್ಮ ದುಡ್ಡು.

ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮದೊಂದು ಫ್ಲಾಟ್. ನನ್ನ ಕಂಪನಿ ಪಿಂಚಣಿ ಇದ್ದಲ್ಲೇ ಇರುತ್ತದೆ, ಮಿಕ್ಕಿದ್ದೆಲ್ಲ ಏರುತ್ತದೆ. ನನಗೆ ಎಂಬತ್ತಾಗುವ ಹೊತ್ತಿಗೆ ಆ ಪಿಂಚಣಿ ಗ್ಯಾಸಿಗೂ ಕೌನ್ಸಿಲ್ಲಿನ ಮನೆ ತೆರಿಗೆಗೂ ಸಾಲುವುದಿಲ್ಲ. ಆಗ ಫ್ಲಾಟ್ ಬಿಟ್ಟು ಸ್ಟ್ರಾಟ್‌ಫರ್ಡಿನಲ್ಲಿರುವ ಮಗಳ ಮನೆಗೆ ಹೋಗಬೇಕು. ಮಗಳು ಒಳ್ಳೆಯವಳು. ಅಳಿಯನೂ ಒಳ್ಳೆಯವನು. ಆದರೆ ನಮಗೆಂದು ತೋರಿಸಿದ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ತೆರೆಯುವುದಿಲ್ಲ.

ಅದನ್ನು ತಪ್ಪಿಸಲು ಒಂದು ದಾರಿ ಹಿಡಿದೆವು. ನಿವೃತ್ತಿಯಲ್ಲಿ ಒಟ್ಟಿಗೆ ಬಂದ ಹಣವನ್ನೆಲ್ಲ ಒಂದು ಫಂಡಿಗೆ ಹಾಕಿದೆವು. ಅದರಲ್ಲಿರುವುದು ಸರ್ಕಾರಿ ಬಾಂಡುಗಳು. ದೇಶದಲ್ಲಿ ಬೆಲೆ ಏರಿದ ಹಾಗೆ ಅವೂ ಬೆಳೆಯುತ್ತವೆ. ಎಲ್ಲದರ ಅವಧಿಯೂ ಒಂದೇ ವರ್ಷ ಮುಗಿಯುತ್ತದೆ, ಅದೂ ನನಗೆ ಎಂಬತ್ತಾಗುವ ವರ್ಷ. ಆಗ ಫಂಡು ಮುಚ್ಚಿ ದುಡ್ಡು ಕೈಗೆ ಬರುತ್ತದೆ. ಅಲ್ಲಿಯ ತನಕ ಸುಮ್ಮನಿರಬೇಕು. ಅಷ್ಟೇ ಕೆಲಸ.

ಅಷ್ಟು ನಮ್ಮಿಂದ ಆಗಲಿಲ್ಲ.

ನಾಲ್ಕನೆಯ ಉತ್ತರ

ಫಂಡಿಗೆ ಹಾಕುವ ಮೊದಲು ಸಲಹೆಗಾರನ ಆಫೀಸಿಗೆ ಇಬ್ಬರೂ ಹೋದೆವು. ಚಿಕ್ಕ ವಯಸ್ಸಿನ ಇಂಗ್ಲಿಷಿನವನು, ಒಳ್ಳೆಯ ತಾಳ್ಮೆ. ಬಾಂಡಿನ ಬೆಲೆ ನಡುವೆ ಏರಬಹುದು, ಇಳಿಯಬಹುದು, ಬಡ್ಡಿ ದರ ಮೇಲೆ ಹೋದರೆ ಇಳಿಯುತ್ತದೆ, ಆದರೆ ಕೊನೆಯ ತನಕ ಇಟ್ಟುಕೊಂಡವರಿಗೆ ಅದರಿಂದ ಬಾಧೆಯಿಲ್ಲ ಎಂದು ಬಿಡಿಸಿ ಹೇಳಿದ.

ನನ್ನ ಹೆಂಡತಿ ಇಲ್ಲಿಯ ಶಾಲೆಯೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಬಡಿಸಿದವಳು. ಇಂಗ್ಲಿಷು ಚೆನ್ನಾಗಿ ಬರುತ್ತದೆ. ಹೆದರಿದಾಗ ಮಾತ್ರ ಮೈಸೂರು ಕನ್ನಡಕ್ಕೆ ಇಳಿಯುತ್ತಾಳೆ. ಎಫ್‌ಡಿ ಥರ ನಡುವೆ ಮುರಿಸಬಹುದಾ ಕೇಳಿ ಅಂದಳು. ಕೇಳಿದೆ. ಯಾವಾಗ ಬೇಕಾದರೂ ಮಾರಬಹುದು, ಅವತ್ತಿನ ಬೆಲೆಗೆ ಅಂದ. ಅವತ್ತು ಬೆಲೆ ಕಡಿಮೆ ಇದ್ದರೆ? ಕಡಿಮೆ ಬರುತ್ತದೆ ಅಂದ. ಹಾಗಾದರೆ ಇದು ಎಫ್‌ಡಿ ಅಲ್ಲ ಅಂದಳು. ಅಲ್ಲ ಅಂತಲೇ ಅವನು ಅಷ್ಟು ಹೊತ್ತಿನಿಂದ ಹೇಳುತ್ತಿದ್ದ.

ಆಮೇಲೆ ನಮ್ಮ ಧೈರ್ಯ ಅಳೆಯಲು ಶುರುಮಾಡಿದ. ಎಷ್ಟು ಅಪಾಯ ತಡೆದುಕೊಳ್ಳುತ್ತೀರಿ, ಒಂದರಿಂದ ಹತ್ತರೊಳಗೆ ಹೇಳಿ. ಹೆಂಡತಿ ಸೊನ್ನೆ ಅಂದಳು. ಸೊನ್ನೆ ಇಲ್ಲ, ಒಂದರಿಂದ ಶುರು ಅಂದ. ಆ ಒಂದು ಯಾತಕ್ಕೆ ಅಂತ ಕೇಳಿದಳು. ಅವನು ಹಾಳೆ ತಿರುಗಿಸಿದ.

ಕೊನೆಯ ಪ್ರಶ್ನೆ. ನಿಮ್ಮ ಹಣ ಒಂದೇ ವರ್ಷದಲ್ಲಿ ಐದನೇ ಒಂದು ಪಾಲು ಇಳಿದರೆ ಏನು ಮಾಡುತ್ತೀರಿ? ಇನ್ನಷ್ಟು ಕೊಳ್ಳುವಿರಾ, ಸುಮ್ಮನಿರುವಿರಾ, ಮಾರುವಿರಾ?

ಹೆಂಡತಿ ಬಹಳ ಯೋಚನೆ ಮಾಡಿದಳು. ಅವನಿಗೆ ಚೆನ್ನಾಗಿ ತಿಳಿಯಲಿ ಅಂತ ಇಂಗ್ಲಿಷಿನಲ್ಲೇ ಹೇಳಿದಳು.

“ನಾಲ್ಕನೆಯದನ್ನು ಬಿಟ್ಟಿದ್ದೀರಿ. ಗಂಡನನ್ನು ಬಯ್ಯುವುದು.”

ಅವನು ಅದನ್ನು ‘ಸುಮ್ಮನಿರುವುದು’ ಎಂಬುದರ ಕೆಳಗೆ ಬರೆದುಕೊಂಡ. ಇನ್ನೂ ಮದುವೆಯಾಗಿರಲಿಲ್ಲ ಅಂತ ಕಾಣುತ್ತದೆ.

ಲಂಡನ್ನಿನ ರಾಹು

ದುಡ್ಡನ್ನು ಶುಕ್ರವಾರವೇ ಹಾಕಬೇಕು, ಲಕ್ಷ್ಮಿಯ ದಿನ ಅಂದಳು ಹೆಂಡತಿ. ಆಗಲಿ ಅಂದೆ. ಡಿಸೆಂಬರ್ ತಿಂಗಳು. ರಾಹುಕಾಲ ಕೇಳಲು ಮೈಸೂರಿನಲ್ಲಿರುವ ತನ್ನ ಅಣ್ಣನಿಗೆ ಫೋನ್ ಮಾಡಿದಳು. ಭಾವ ಪಂಚಾಂಗ ಬಲ್ಲವರು. ಮೈಸೂರಿನ ರಾಹುಕಾಲವೋ ಇಲ್ಲಿಯದೋ ಎಂಬ ಪ್ರಶ್ನೆ ಬಂತು. ದುಡ್ಡು ಎಲ್ಲಿದೆಯೋ ಅಲ್ಲಿಯ ಸೂರ್ಯ ಅಂದರು.

ಇಲ್ಲಿಯ ಸೂರ್ಯನನ್ನು ನಾವು ಒಂದು ವಾರದಿಂದ ಕಂಡಿರಲಿಲ್ಲ. ಎಂಟಕ್ಕೆ ಹುಟ್ಟಿ ನಾಲ್ಕಕ್ಕೆ ಆರು ನಿಮಿಷ ಇರುವಾಗ ಮುಳುಗುತ್ತಾನೆ ಅಂತ ಫೋನು ಹೇಳಿತು. ಭಾವ ಹಗಲನ್ನು ಎಂಟು ಪಾಲು ಮಾಡಿದರು. ಶುಕ್ರವಾರದ ರಾಹು ನಾಲ್ಕನೆಯ ಪಾಲಿನಲ್ಲಿ ಕೂರುತ್ತಾನೆ. ಹನ್ನೊಂದರ ಹೊತ್ತಿಗೆ ಬಂದು ಹನ್ನೆರಡಕ್ಕೆ ಮೂರು ನಿಮಿಷ ಇರುವಾಗ ಏಳುತ್ತಾನೆ. ಫಂಡಿನವರದು ಇನ್ನೊಂದು ನಿಯಮ. ಹನ್ನೆರಡರೊಳಗೆ ಕೊಂಡರೆ ಅವತ್ತಿನ ಬೆಲೆ. ದಾಟಿದರೆ ಮುಂದಿನ ಕೆಲಸದ ದಿನದ್ದು.

ಹತ್ತಕ್ಕೇ ಕೊಂಡು ಮುಗಿಸೋಣ ಅಂದೆ. ತಲೆಸ್ನಾನ ಆಗಿಲ್ಲ, ದೀಪ ಹಚ್ಚಿಲ್ಲ ಅಂದಳು. ಅವೆರಡೂ ಆದಾಗ ಹನ್ನೊಂದು. ರಾಹು ಬಂದು ಕೂತಿದ್ದ.

ಕಂಪ್ಯೂಟರ್ ಮುಂದೆ ನಾನು ಒಂದು ಗಂಟೆ ಕೂತೆ. ಭಾವ ನನ್ನ ಫೋನಿನಲ್ಲಿ, ವಿಡಿಯೋದಲ್ಲಿ, ಗಡಿಯಾರ ನೋಡುತ್ತಿದ್ದರು. ಹೂಂ, ಒತ್ತಿ ಅಂದರು. ಒತ್ತಿದೆ. ನಿಮ್ಮ ಫೋನಿಗೆ ಒಂದು ಸಂಖ್ಯೆ ಕಳಿಸಿದ್ದೇವೆ, ಅದನ್ನು ಇಲ್ಲಿ ತುಂಬಿ ಅಂತ ಪರದೆಯ ಮೇಲೆ ಬಂತು. ಸಂಖ್ಯೆ ಬಂದದ್ದು ಭಾವನ ಹಣೆಯ ಮೇಲೆ. ಓದುವ ಮೊದಲೇ ಮಾಯವಾಯಿತು. ಫೋನಿಡು ಅಂತ ಅದನ್ನು ಹಿಡಿದಿದ್ದ ಹೆಂಡತಿಗೆ ಅಂದೆ. ಇಡುವುದು ಹೇಗೆ? ಭಾವ ಕಣ್ಣು ಮುಚ್ಚಿಕೊಂಡು ಶ್ಲೋಕ ಹೇಳುತ್ತಿದ್ದರು. ಹಿರಿಯಣ್ಣ. ಶ್ಲೋಕದ ನಡುವೆ ಕತ್ತರಿಸಲು ಅವಳ ಕೈ ಏಳಲಿಲ್ಲ.

ಶ್ಲೋಕ ಮುಗಿದು ಸಂಖ್ಯೆ ತುಂಬಿದಾಗ ಹನ್ನೆರಡು ದಾಟಿತ್ತು. ನಿಮಗೆ ಸೋಮವಾರದ ಬೆಲೆ ಅಂತ ಪರದೆ ಹೇಳಿತು.

ಶನಿವಾರ, ಭಾನುವಾರ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಸೋಮವಾರ ಬೆಲೆ ಸ್ವಲ್ಪ ಇಳಿಯಿತು. ಕೊಳ್ಳುವವರಿಗೆ ಅದು ಲಾಭ. ಭಾವನಿಗೆ ಹೇಳಿದೆವು.

“ಅದಕ್ಕೇ ಶ್ಲೋಕ ಎಳೆದೆ” ಅಂದರು.

ನುಗ್ಗೆಕಾಯಿ

ಶನಿವಾರಗಳಂದು ಟೂಟಿಂಗಿಗೆ ಹೋಗುತ್ತೇವೆ. ಅಲ್ಲಿ ನಮ್ಮ ಕಡೆಯ ತರಕಾರಿ ಸಿಗುತ್ತದೆ. ಅಂಗಡಿಯವನು ಉಡುಪಿ ಕಡೆಯ ಕ್ರಿಶ್ಚಿಯನ್. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ನನ್ನ ಹೆಂಡತಿ ಪ್ರತಿ ವಾರ ಅವನ ಜೊತೆ ಜಗಳವಾಡುತ್ತಾಳೆ. ಅವನೂ ಅದಕ್ಕೆ ತಯಾರಾಗಿರುತ್ತಾನೆ.

ಫಂಡಿಗೆ ಹಾಕಿದ ಮೇಲೆ ಮೊದಲ ಸಲ ಹೋದಾಗ ನುಗ್ಗೆಕಾಯಿ ಬೆಲೆ ಏರಿತ್ತು. ಅವಳು ಬಾಯಿ ತೆರೆದಳು. ನಾನು ಮೆಲ್ಲಗೆ ಹೇಳಿದೆ, ಏರಲಿ ಬಿಡು, ಬೆಲೆ ಏರಿದಷ್ಟೂ ನಮ್ಮ ಬಾಂಡು ಬೆಳೆಯುತ್ತದೆ. ಅವಳು ಬಾಯಿ ಮುಚ್ಚಿದಳು. ತೆಂಗಿನಕಾಯಿ ಏರಿತ್ತು. ಸುಮ್ಮನೆ ಕೊಂಡಳು. ತೊಗರಿಬೇಳೆ ಏರಿತ್ತು. ನಕ್ಕಳು.

ಅಂಗಡಿಯವನ ಮುಖ ಬಿಳಿಚಿಕೊಂಡಿತು. ಕರಿಬೇವಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅವಳು ಹೊರಗೆ ಹೋದ ಮೇಲೆ ನನ್ನ ತೋಳು ಹಿಡಿದು ಕೇಳಿದ.

“ಅಮ್ಮನಿಗೆ ಎಂತ ಆಗಿದೆ ಮಾರಾಯ್ರೆ? ಡಾಕ್ಟ್ರು ಎಂತ ಹೇಳಿದ್ರು?”

ಏನೂ ಆಗಿಲ್ಲ ಅಂದೆ. ನನ್ನದು ಮೊದಲೇ ಮಾತು ಕಡಿಮೆ. ಅದರಿಂದ ಅವನ ಅನುಮಾನ ಗಟ್ಟಿಯಾಯಿತು. ಮರುದಿನ ಚರ್ಚಿನಲ್ಲಿ ಅವಳಿಗಾಗಿ ಮೇಣದಬತ್ತಿ ಹಚ್ಚಿದನಂತೆ.

ವಾಪಸು ಬರುವಾಗ ಟ್ಯೂಬ್ ರೈಲಿನಲ್ಲಿ ಅವಳು ಯೋಚಿಸುತ್ತಿದ್ದಳು. ಬೆಲೆ ಏರಿತು ಅಂತ ಸರ್ಕಾರಕ್ಕೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದಳು. ಇಲ್ಲಿಯ ಜನ ಸಾಮಾನ್ಯವಾಗಿ ಕೊಳ್ಳುವ ಸಾಮಾನಿನ ಬೆಲೆ ನೋಡಿ ಲೆಕ್ಕ ಹಾಕುತ್ತಾರೆ ಅಂದೆ. ಅದರಲ್ಲಿ ನುಗ್ಗೆಕಾಯಿ ಇದೆಯಾ? ಇಲ್ಲದಿರಬಹುದು ಅಂದೆ. ತೊಗರಿಬೇಳೆ? ಅದೂ ಅನುಮಾನ ಅಂದೆ. ಮತ್ತೇನಿದೆ? ಬ್ರೆಡ್ಡು, ಬಿಯರು, ನಾಯಿಯ ಊಟ, ಇಂಥವು ಇರಬೇಕು ಅಂದೆ. ಅವಳು ಚೀಲ ತೆರೆದು ನುಗ್ಗೆಕಾಯಿ ಎಣಿಸಿದಳು.

ಮುಂದಿನ ಶನಿವಾರ ಅಂಗಡಿಯಲ್ಲಿ ಎರಡು ವಾರದ ಜಗಳ ಒಟ್ಟಿಗೆ ಆಡಿದಳು. ಬೆಂಡೆಕಾಯಿ ಮುರಿದು ತೋರಿಸಿದಳು. ತೆಂಗಿನಕಾಯಿ ಅಲ್ಲಾಡಿಸಿ ಅವನ ಕಿವಿಗೆ ಹಿಡಿದಳು. ಅವನ ಕಣ್ಣಲ್ಲಿ ನೀರು. ನನ್ನ ಕಡೆ ತಿರುಗಿ ಹೇಳಿದ.

“ಮೇಣದಬತ್ತಿ ಕೆಲಸ ಮಾಡಿತು ಮಾರಾಯ್ರೆ.”

ಥ್ರಿಲ್

ಯುಗಾದಿಗೆ ಕನ್ನಡದವರೆಲ್ಲ ಒಂದು ಸಭಾಂಗಣದಲ್ಲಿ ಸೇರಿದ್ದೆವು. ಬೆಂಗಳೂರಿನಿಂದ ಬಂದ ಐಟಿ ಯುವಕನೊಬ್ಬ ನನ್ನ ಪಕ್ಕದಲ್ಲಿ ಊಟಕ್ಕೆ ಕೂತ. ಅವನ ದುಡ್ಡು ಮೂರು ದೇಶದ ಷೇರಿನಲ್ಲಿತ್ತಂತೆ. ನಿಮ್ಮದು ಎಲ್ಲಿ ಅಂಕಲ್ ಅಂದ. ಹೇಳಿದೆ. ಎಷ್ಟು ಬರುತ್ತೆ? ಬೆಲೆಯೇರಿಕೆಯಷ್ಟು, ಮೇಲೆ ಚೂರು ಅಂದೆ. ಅವನು ನನ್ನ ಎಲೆಗೆ ತನ್ನ ಹೋಳಿಗೆ ಹಾಕಿದ. ಪಾಪ ಅನ್ನಿಸಿರಬೇಕು.

“ಇದರಲ್ಲಿ ಥ್ರಿಲ್ ಎಲ್ಲಿದೆ ಅಂಕಲ್?”

“ಜೀವನವಿಡೀ ಲಿಫ್ಟ್ ರಿಪೇರಿ ಮಾಡಿದ್ದೇನೆ. ಥ್ರಿಲ್ ಇರಬಾರದು ಅಂತಲೇ ಸಂಬಳ ಕೊಡುತ್ತಿದ್ದರು.”

ಅವನು ಹೋಳಿಗೆ ವಾಪಸು ಕೇಳಲಿಲ್ಲ. ನಾನೂ ಕೊಡಲಿಲ್ಲ.

ಬೆಳಗಿನ ಬಿಪಿ

ಥ್ರಿಲ್ ಇರಬಾರದು ಅಂದದ್ದೇ ತಪ್ಪಾಯಿತೇನೋ. ಬಡ್ಡಿ ದರ ಏರುತ್ತದೆ ಅಂತ ಸುದ್ದಿ ಹುಟ್ಟಿತು. ಬಾಂಡುಗಳು ಇಳಿದವು. ಫಂಡಿನ ಬೆಲೆಯನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ನಾನು ದಿನಾ ಬೆಳಗ್ಗೆ ಎದ್ದ ತಕ್ಷಣ ನೋಡುತ್ತಿದ್ದೆ. ಲಿಫ್ಟ್ ಕೆಳಗೆ ಇಳಿಯುವಾಗ ಮಹಡಿಯ ಸಂಖ್ಯೆ ಬದಲಾಗುತ್ತದಲ್ಲ, ಹಾಗೆ. ಲಿಫ್ಟಿಗಾದರೆ ಕೆಳಗೆ ನೆಲ ಇದೆ ಅಂತ ಗೊತ್ತಿರುತ್ತದೆ.

ಕೊನೆಯ ತನಕ ಇಟ್ಟುಕೊಂಡರೆ ಬಾಧೆಯಿಲ್ಲ. ಗೊತ್ತು. ತಲೆಗೆ ಗೊತ್ತು. ಹೊಟ್ಟೆಗೆ ಯಾರು ಹೇಳಬೇಕು? ರಸ್ತೆಯಲ್ಲಿ ಹೋಗುವಾಗಲೂ ಸ್ಟ್ರಾಟ್‌ಫರ್ಡಿನ ಆ ಕೋಣೆಯ ಬಾಗಿಲು ಮಂಚಕ್ಕೆ ಬಡಿಯುವ ಸದ್ದು ಕೇಳಿಸುತ್ತಿತ್ತು.

ನನ್ನ ಬಿಪಿ ಏರಿತು. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಮನೆಯಲ್ಲೇ ಅಳೆಯಲು ಯಂತ್ರ ಕೊಟ್ಟರು. ವಯಸ್ಸಾದ ಹೆಂಗಸು, ನಗುವುದು ಕಡಿಮೆ. ಒಂದು ವಾರ ಅಳೆದು ತಂದು ತೋರಿಸಿದೆ. ಸಂಜೆ ಸರಿಯಿದೆ, ಬೆಳಗ್ಗೆ ಮಾತ್ರ ಹೀಗೇಕೆ ಅಂತ ಕೇಳಿದರು. ಪಕ್ಕದಲ್ಲಿದ್ದ ಹೆಂಡತಿ ಬಾಯಿಬಿಟ್ಟಳು. ಅಳೆಯುವ ಮೊದಲು ಇವರು ಫೋನ್ ನೋಡುತ್ತಾರೆ ಅಂದಳು. ಏನು ನೋಡುತ್ತೀರಿ ಅಂತ ಡಾಕ್ಟರು ಕೇಳಿದರು. ಹೇಳಬೇಕಾಯಿತು. ಬೆಲೆಯೇರಿಕೆಗೆ ಹೊಂದುವ ಸರ್ಕಾರಿ ಬಾಂಡಿನ ಫಂಡು. ಇಂಥ ವರ್ಷ ಮುಗಿಯುವಂಥದ್ದು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಎದ್ದು ಹೋಗಿ ಬಾಗಿಲು ಮುಚ್ಚಿದೆಯೇ ಅಂತ ನೋಡಿ ಬಂದರು.

“ಎಷ್ಟು ಇಳಿದಿದೆ?” ಅಂತ ಕೇಳಿದರು. “ನಾನು ಒಂದು ವಾರದಿಂದ ನೋಡಿಲ್ಲ. ನೋಡಬೇಡಿ ಅಂತ ನನ್ನ ಡಾಕ್ಟರು ಹೇಳಿದ್ದಾರೆ.”

ಬೀಗ

ಬೆಲೆ ಇನ್ನೂ ಇಳಿಯಿತು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಬಂದಷ್ಟು ಬರಲಿ, ಮಾರಿಬಿಡೋಣ ಎಂದು ತೀರ್ಮಾನಿಸಿದೆ. ಹೆಂಡತಿಗೆ ಹೇಳಲಿಲ್ಲ. ಅವಳು ಅಂಗಡಿಗೆ ಹೋಗಿದ್ದಾಗ ಕಂಪ್ಯೂಟರಿನಲ್ಲಿ ಖಾತೆ ತೆರೆಯಲು ಹೋದೆ. ತೆರೆಯಲಿಲ್ಲ. ಯಾರೋ ಹಲವು ಸಲ ತಪ್ಪು ಪಾಸ್‌ವರ್ಡ್ ಒತ್ತಿದ್ದಾರೆ, ಖಾತೆಗೆ ಬೀಗ ಬಿದ್ದಿದೆ, ಹೊಸ ಪಾಸ್‌ವರ್ಡ್ ಅಂಚೆಯಲ್ಲಿ ಬರುತ್ತದೆ ಅಂತ ಬರೆದಿತ್ತು.

ಅದು ಬರಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಬೆಲೆ ಒಂದು ಚೂರು ಏರಿತ್ತು. ಧೈರ್ಯ ಬಂತು. ಬಿಟ್ಟೆ. ಮತ್ತೆ ಇಳಿಯಿತು. ಮತ್ತೆ ಮಾರಲು ಹೋದೆ. ಮತ್ತೆ ಬೀಗ.

ಕಳ್ಳರು ಅಂದುಕೊಂಡೆ. ಬೆಲೆ ಇಳಿಯುವುದರ ಭಯ ಒಂದು ಕಡೆ, ಇದ್ದದ್ದನ್ನೂ ಯಾರೋ ಹೊಡೆಯುತ್ತಾರೆ ಎಂಬ ಭಯ ಇನ್ನೊಂದು ಕಡೆ. ಮೂರನೆಯ ಸಲ ಬೀಗ ಬಿದ್ದಾಗ ಮಗಳಿಗೆ ಫೋನ್ ಮಾಡಿದೆ. ಅದು ತಪ್ಪಾಯಿತು.

ಅವಳು ರಜೆ ಹಾಕಿ ಅಳಿಯನನ್ನೂ ಅಳತೆ ಟೇಪನ್ನೂ ಕರೆದುಕೊಂಡು ಬಂದಳು. ಬಂದವಳೇ ಇಂಗ್ಲಿಷಿನಲ್ಲಿ ಶುರುಮಾಡಿದಳು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಇವತ್ತೇ ಆ ಫಂಡು ಮಾರಿ, ಫ್ಲಾಟೂ ಮಾರಿ, ನಮ್ಮ ಜೊತೆ ಬಂದಿರಿ. ಅವಳ ಮಾತಿನಲ್ಲಿ ಪ್ರೀತಿ ಇತ್ತು. ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು. ಅಳಿಯ ಮಂಚ ಅಳೆದ. ಬೀರು ಅಳೆದ. ಅಡುಗೆಮನೆಗೆ ಹೋಗಿ ಹೆಂಡತಿಯ ಗ್ರೈಂಡರ್ ಅಳೆದ. ಇದಕ್ಕೆ ಜಾಗ ಆಗಲಿಕ್ಕಿಲ್ಲ ಅಂದ. ಗ್ರೈಂಡರಿನಲ್ಲಿ ಆಗ ಹಿಟ್ಟು ಇರಲಿಲ್ಲ. ಆದರೂ ಹೆಂಡತಿ ಸ್ವಿಚ್ ಹಾಕಿದಳು.

ಮಗಳು ಫಂಡಿನವರ ಸಹಾಯವಾಣಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲೆ ಇಟ್ಟಳು. ಆ ಕಡೆಯವನು ಮೃದುವಾಗಿ ಮಾತಾಡುವ ಸ್ಕಾಟಿಷ್ ಮನುಷ್ಯ. ನನ್ನ ಹೆಸರು, ಜನ್ಮದಿನ ಎಲ್ಲ ಕೇಳಿ ಖಾತೆ ನೋಡಿದ. ಗಾಬರಿಯಾಗಬೇಡಿ, ಕಳ್ಳರಲ್ಲ ಅಂದ. ತಪ್ಪು ಪಾಸ್‌ವರ್ಡ್ ಒತ್ತಿದ್ದೆಲ್ಲ ನಿಮ್ಮ ಮನೆಯ ಇಂಟರ್‌ನೆಟ್ಟಿನಿಂದಲೇ. ಶುಕ್ರವಾರಗಳಂದು. ಬೆಳಗ್ಗೆ.

ಗ್ರೈಂಡರ್ ನಿಂತಿತು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ನಾನೇ” ಅಂದಳು. “ಶುಕ್ರವಾರ ಪೂಜೆ ಆದ ಮೇಲೆ ಬೀಗ ಹಾಕುತ್ತೇನೆ. ಬೀರುವಿಗೂ ಹಾಕುತ್ತೇನೆ, ಅದನ್ನು ಯಾರಾದರೂ ಕೇಳಿದ್ದೀರಾ?”

ಮಗಳು ಸಿಟ್ಟು ಬಂದರೆ ಮಾತ್ರ ಕನ್ನಡ ಮಾತಾಡುತ್ತಾಳೆ. “ಅಮ್ಮ, ಅದು ಅಪ್ಪನ ಅಕೌಂಟು.”

“ಅಕೌಂಟು ಅಪ್ಪನದು. ಮನೆ ನನ್ನದು. ಬೆಳಗ್ಗೆ ಎದ್ದು ಫೋನ್ ನೋಡಿ ಇವರು ಮುಖ ಹಾಗೆ ಮಾಡಿಕೊಂಡಾಗಲೇ ಗೊತ್ತಾಯಿತು, ಒಂದು ದಿನ ಮಾರುತ್ತಾರೆ ಅಂತ. ಕೊನೆಯ ತನಕ ಮುಟ್ಟದಿದ್ದರೆ ಏನೂ ಆಗುವುದಿಲ್ಲ ಅಂತ ಆ ಸಲಹೆಯವನು ಹೇಳಿದ್ದು ಇವರಿಗೆ. ಕೇಳಿಸಿಕೊಂಡದ್ದು ನಾನು.”

ಅಳಿಯ ಟೇಪು ಬಿಟ್ಟ. ಅದು ಸರ್ರನೆ ಒಳಗೆ ಹೋಯಿತು. ಮಗಳು ಮತ್ತೇನೋ ಅಂದಳು, ಹೆಂಡತಿ ಅದಕ್ಕೊಂದು ಅಂದಳು. ಫೋನಿನಲ್ಲಿದ್ದವನಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ವಯಸ್ಸಾದವರ ದುಡ್ಡಿನ ವಿಷಯದಲ್ಲಿ ಇಲ್ಲಿಯವರು ಬಹಳ ಎಚ್ಚರ. ಅವನು ಮಾತು ನಿಧಾನ ಮಾಡಿ ನನ್ನನ್ನೇ ಕೇಳಿದ.

“ಸರ್, ನಿಮ್ಮ ಮೇಲೆ ಯಾರಾದರೂ ಒತ್ತಡ ಹಾಕುತ್ತಿದ್ದಾರೆಯೇ? ಹೌದು ಅಥವಾ ಇಲ್ಲ ಅಂದರೆ ಸಾಕು.”

“ಹೌದು” ಅಂದೆ. “ಮದುವೆಯಾದಂದಿನಿಂದ.”

ಅವನು ಕೆಮ್ಮಿದ. ಆಮೇಲೆ ಮತ್ತೆ ಕೆಲಸದ ದನಿಗೆ ಬಂದ. ಹೊಸ ಪಾಸ್‌ವರ್ಡ್ ಕಳಿಸಬೇಕೇ? ಕಳಿಸಿದರೆ ಖಾತೆ ತೆರೆಯುತ್ತದೆ, ಬೇಕಾದರೆ ಅದೇ ದಿನ ಮಾರಬಹುದು. ಅಂಚೆಯಲ್ಲಿ ಎರಡು ಬಗೆ. ಮೊದಲ ದರ್ಜೆಯಾದರೆ ನಾಳೆಯೇ ತಲುಪಬಹುದು. ಎರಡನೇ ದರ್ಜೆ ತುಂಬ ನಿಧಾನ, ಕೆಲವು ದಿನ ಹಿಡಿಯುತ್ತದೆ. ಯಾವುದರಲ್ಲಿ ಕಳಿಸಲಿ?

ಮೊದಲನೆಯದರಲ್ಲಿ ಅಂತ ಹೇಳು ಅಂತ ಮಗಳು ಕಣ್ಣಿನಲ್ಲೇ ಹೇಳಿದಳು. ಹೆಂಡತಿ ಒರೆಸಿದ ಕೈಯನ್ನೇ ಒರೆಸಿಕೊಳ್ಳುತ್ತಿದ್ದಳು. ಅವಳು ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ನಾನು ಫೋನಿನ ಹತ್ತಿರ ಬಾಗಿದೆ.

“ಎರಡನೇ ದರ್ಜೆಗಿಂತ ನಿಧಾನದ್ದು ಇದೆಯೇ?” ಅಂತ ಕೇಳಿದೆ.